ಅಧ್ಯಕ್ಷರನ್ನು ಎಬ್ಬಿಸುವ ಮಾತು

ಗೋಪಾಲಪ್ಪನವರ ತೂಕ ಎಂಬತ್ನಾಲ್ಕು ಕೆ.ಜಿ. ನನ್ನದು ನಲವತ್ತಾರು. ದಿನಕ್ಕೆ ಆರು ಸಲ ನಾನು ಅವರನ್ನು ಎತ್ತುತ್ತೇನೆ. ಮಂಚದಿಂದ ಕುರ್ಚಿಗೆ, ಕುರ್ಚಿಯಿಂದ ಕಕ್ಕಸಿಗೆ, ಕಕ್ಕಸಿನಿಂದ ಬಚ್ಚಲಿಗೆ, ಮತ್ತೆ ಮಂಚಕ್ಕೆ. ಒಬ್ಬಳೇ. ನಾಲ್ಕು ವರ್ಷದಿಂದ.

ನನ್ನ ಹೆಸರು ಪಾಪಮ್ಮ. ಹೊಸಕೋಟೆಯಿಂದ ಅನುಗೊಂಡನಹಳ್ಳಿಗೆ ಹೋಗುವ ದಾರಿಯಲ್ಲಿ 'ಸಂಧ್ಯಾಸೌರಭ' ಅಂತ ಒಂದು ವೃದ್ಧಾಶ್ರಮ ಇದೆ. ಅಲ್ಲಿ ಆಯಾ ಕೆಲಸ. ವೃದ್ಧಾಶ್ರಮ ಅನ್ನಬಾರದು, 'ಸೀನಿಯರ್ ಲಿವಿಂಗ್' ಅನ್ನಬೇಕು ಎಂದು ನಮ್ಮ ಓನರ್ ಮನೋಹರ್ ಸಾರ್ ಆರ್ಡರ್ ಮಾಡಿದ್ದಾರೆ. ಬೋರ್ಡ್ ಬದಲಾಯಿತು. ತೊಳೆಯುವ ಕುಂಡೆ ಬದಲಾಗಲಿಲ್ಲ.

ಹೋದ ವರ್ಷದಿಂದ ನನ್ನ ಸೊಂಟದಲ್ಲಿ ಏನೋ ಕಟ್ ಎನ್ನುತ್ತದೆ. ಎಡಗಾಲು ಹಿಂಬಡಿಯವರೆಗೂ ಉರಿ. ಮ್ಯಾನೇಜರ್ ಅನಿಲ್‌ಕುಮಾರ್ ಹತ್ತಿರ ಹೋಗಿ, ಎತ್ತುವಾಗ ಇನ್ನೊಂದು ಕೈ ಕೊಡಿ ಎಂದು ಕೇಳಿದೆ. ಒಂದು ಸಲವಲ್ಲ, ಏಳು ಸಲ.

"ಒಬ್ಳೇ ಎತ್ತುತಾ ಇದ್ಯಲ್ಲ ಪಾಪಮ್ಮ," ಎಂದರು ಅವರು. "ಆಗದೆ ಇದ್ರೆ ಹೇಳು."

"ಆಗ್ತಾ ಇಲ್ಲ ಅಂತ್ಲೇ ಹೇಳ್ತಾ ಇರೋದು ಸಾರ್."

"ಆಗ್ತಾ ಇದ್ಯಲ್ಲ, ನಾನೇ ನೋಡ್ತೀನಲ್ಲ."

ಗೋಪಾಲಪ್ಪನವರನ್ನು ಬೀಳಿಸಿದರೆ ಮಾತ್ರ ನನಗೆ ಆಗುವುದಿಲ್ಲ ಎಂದು ರುಜುವಾತಾಗುತ್ತದೆ. ಬೀಳಿಸಿದರೆ ನನ್ನ ಕೆಲಸ ಹೋಗುತ್ತದೆ. ನೆಟ್ಟಗೆ ಎತ್ತಿದರೆ ಸೊಂಟ ಹೋಗುತ್ತದೆ.

ಈ ಗೋಪಾಲಪ್ಪನವರು ಯಾರು ಅಂತ ಹೇಳಬೇಕು. ನಮ್ಮ ಪಕ್ಕದೂರಿನ ದೊಡ್ಡ ಜಮೀನ್ದಾರರು. ಇಪ್ಪತ್ತು ವರ್ಷ ಹಾಲಿನ ಡೇರಿ ಅಧ್ಯಕ್ಷರು. ಆ ಡೇರಿಯಲ್ಲಿ ನಮ್ಮ ಕೇರಿಯವರ ಹಾಲಿಗೆ ಬೇರೆ ಕ್ಯಾನು. ಹಸು ಒಂದೇ ಜಾತಿ, ಹುಲ್ಲು ಒಂದೇ ಜಾತಿ, ಆದರೆ ಕರೆದ ಕೈ ಬೇರೆ ಅಂತ ಕ್ಯಾನು ಬೇರೆ. ಚಿಕ್ಕವಳಿದ್ದಾಗ ನಾನೇ ಆ ಸಾಲಿನ ಕೊನೆಯಲ್ಲಿ ಚೊಂಬು ಹಿಡಿದು ನಿಂತಿದ್ದೇನೆ. ಈಗ ಅವರಿಗೆ ಮರೆವು. ಎರಡೂ ಕೈಯಿಂದ ನನ್ನ ಕುತ್ತಿಗೆ ತಬ್ಬಿಕೊಂಡು ಮೇಲೇಳುತ್ತಾರೆ. ಯಾವಾಗಲಾದರೊಮ್ಮೆ ಹಳೆಯದೆಲ್ಲ ಮರಳಿ ಬಂದು, "ಯಾರ ಪೈಕಿನಮ್ಮ ನೀನು?" ಎಂದು ಕೇಳುತ್ತಾರೆ. "ನಿಮ್ಮನ್ನ ಎತ್ತೋರ ಪೈಕಿ," ಎನ್ನುತ್ತೇನೆ. ಹಂಗಾ ಎನ್ನುತ್ತಾರೆ.

ಗೋಪಾಲಪ್ಪನವರು ಸುಮ್ಮನೆ ಹೇಳಿದರೆ ಏಳುವುದಿಲ್ಲ. ಏಳಿ ಅಂದರೆ ಏಳುವುದಿಲ್ಲ, ಊಟ ಅಂದರೂ ಏಳುವುದಿಲ್ಲ. ಅವರಿಗೊಂದು ಮಾತಿದೆ. ಅದನ್ನು ಕಂಡುಹಿಡಿಯಲು ನನಗೆ ಮೂರು ತಿಂಗಳು ಬೇಕಾಯಿತು. ಕಿವಿಯ ಹತ್ತಿರ ಬಾಯಿಟ್ಟು ಹೇಳಬೇಕು: "ಅಧ್ಯಕ್ಷರೇ, ನಿಮ್ಮ ಹಾಲಲ್ಲಿ ಫ್ಯಾಟೇ ಇಲ್ವಂತೆ."

ಅಷ್ಟೇ. ಸತ್ತ ಮಂಡಿಗೆ ಜೀವ ಬರುತ್ತದೆ. "ಯಾವನ್ಲಾ ಅಂದೋನು?" ಎಂದು ಗದ್ದುಗೆ ಬಿಟ್ಟು ಎದ್ದೇಬಿಡುತ್ತಾರೆ. ಆ ಸಿಟ್ಟು ಮೂರು ಎಣಿಸುವಷ್ಟು ಹೊತ್ತು ಇರುತ್ತದೆ. ಅಷ್ಟರಲ್ಲಿ ಕಂಕುಳಿಗೆ ಕೈ ಕೊಟ್ಟು, ನಮ್ಮ ಮಂಡಿಯನ್ನು ಅವರ ಮಂಡಿಗೆ ಒತ್ತಿ, ತಿರುಗಿಸಿಬಿಡಬೇಕು. ತಡವಾದರೆ ಸಿಟ್ಟು ಇಳಿಯುತ್ತದೆ, ಎಂಬತ್ನಾಲ್ಕು ಕೆ.ಜಿ.ಯೂ ಇಳಿಯುತ್ತದೆ. ಬೇರೆ ಕ್ಯಾನು ಇಟ್ಟವರ ಹಾಲನ್ನು ದಿನಕ್ಕೆ ಆರು ಸಲ ಹೀಯಾಳಿಸುವ ಭಾಗ್ಯ ನನಗಲ್ಲದೆ ಇನ್ಯಾರಿಗಿದೆ. ಈ ಕೆಲಸದಲ್ಲಿ ನನಗೆ ಸಿಗುವ ಬೋನಸ್ ಅದೊಂದೇ.

ಇಂಥದ್ದರಲ್ಲಿ ಸಮಾವೇಶ ಬಂತು. ಹೊಸಕೋಟೆ ಆಚೆ ಹೈವೇ ಪಕ್ಕದ ಪಾರ್ಟಿ ಹಾಲಿನಲ್ಲಿ. ನಮ್ಮ ಜಿಲ್ಲೆಯ ಹನ್ನೊಂದು ಆಶ್ರಮದವರು ಸೇರಿ ಮಾಡಿದ್ದು. ಬಾಗಿಲಿಗೆ ದೊಡ್ಡ ಬ್ಯಾನರ್: 'ಹಿರಿಯರ ಆರೈಕೆದಾರರ ವೃತ್ತಿಪರ ಜಾಲಬಂಧನ ಮತ್ತು ವಿಕಸನ'. ನೆಟ್‌ವರ್ಕಿಂಗ್ ಎಂಬುದಕ್ಕೆ ಯಾರೋ ಕನ್ನಡ ಮಾಡಿದ್ದರು. ನಾನು ಏಳನೇ ಕ್ಲಾಸಿನವರೆಗೆ ಓದಿದವಳು. ಜಾಲ ಅಂದರೆ ಬಲೆ, ಬಂಧನ ಅಂದರೆ ಜೈಲು. ವ್ಯಾನಿನಿಂದ ಇಳಿದ ಆಯಾಗಳು ಹತ್ತು ನಿಮಿಷ ಒಳಗೆ ಹೋಗಲಿಲ್ಲ. ಯಾರನ್ನೋ ಹಿಡಿದು ಹಾಕುವ ಕಾರ್ಯಕ್ರಮವಿರಬೇಕು ಎಂದು ಬಾಗಿಲಲ್ಲೇ ನಿಂತರು. ತಿಂಡಿಗೆ ಖಾರಾಬಾತ್ ವಾಸನೆ ಬಂದ ಮೇಲೆ, ಹಿಡಿದರೆ ಹಿಡಿಯಲಿ ಎಂದು ನುಗ್ಗಿದೆವು.

ಕೊರಳಿಗೆ ಟೇಪು ಹಾಕಿದರು. ಓನರು, ಮ್ಯಾನೇಜರು, ನರ್ಸುಗಳಿಗೆ ನೀಲಿ, ಅದರಲ್ಲಿ ಹೆಸರು. ನಮಗೆ ಹಸಿರು, ಅದರಲ್ಲಿ 'ಸಪೋರ್ಟ್'. ನಾವು ಇಪ್ಪತ್ತೆಂಟು ಜನ ಇದ್ದೆವು, ಇಪ್ಪತ್ತೆಂಟು ಜನರ ಹೆಸರೂ ಸಪೋರ್ಟ್. ನೀಲಿಯವರಿಗೆ ಹಾಲ್ ಒಳಗೆ ಊಟ. ಹಸಿರಿನವರಿಗೆ ಅವರದ್ದಾದ ಮೇಲೆ ಜನರೇಟರ್ ಹಿಂದೆ, ಪೇಪರ್ ತಟ್ಟೆಯಲ್ಲಿ.

ನನಗೆ ಅವತ್ತು ಎರಡು ಕೆಲಸ. ಒಂದು, ಗೋಪಾಲಪ್ಪನವರನ್ನು ಕರೆತರುವುದು. ಬೆಂಗಳೂರಿನಿಂದ ಬಂದ ಟ್ರೈನರ್ ಅರ್ಪಿತ ಮೇಡಂಗೆ ಲೈವ್ ಡೆಮೊ ಮಾಡಲು ಒಬ್ಬ ನಿಜವಾದ ಮುದುಕರು ಬೇಕಿತ್ತು. ಎರಡು, ಪ್ರಶಸ್ತಿ ತೆಗೆದುಕೊಳ್ಳುವುದು. 'ಆರೈಕೆ ಆಂಜನೇಯ' ಎಂಬ ಪ್ರಶಸ್ತಿ. ಒಂಟಿ ಕೈಯಲ್ಲಿ ಗುಡ್ಡ ಎತ್ತಿದ ಹನುಮಪ್ಪನ ಗೊಂಬೆ, ಕೆಳಗೆ ನನ್ನ ಹೆಸರು. ಹನ್ನೆರಡು ಗಂಟೆಗೆ ಮುಖ್ಯ ಅತಿಥಿಯಾಗಿ ದೊಡ್ಡ ಆಫೀಸರೊಬ್ಬರು ಬಂದು ಕೊಡುತ್ತಾರೆ. ನಾನು ಗೋಪಾಲಪ್ಪನವರನ್ನು ಒಬ್ಬಳೇ ಎತ್ತುತ್ತಿರುವ ಫೋಟೋ ಕರಪತ್ರದ ಮೇಲೂ ಇತ್ತು. ಸುಳ್ಳು ಹೇಳುವುದಿಲ್ಲ, ನಾನು ಉಬ್ಬಿಹೋಗಿದ್ದೆ. ಬೀರುವಿನ ಸೀರೆ ಉಟ್ಟು ಬಂದಿದ್ದೆ.

ಅರ್ಪಿತ ಮೇಡಂ ಪರದೆಯ ಮೇಲೆ ಪಾಠ ಮಾಡಿದರು. ಒಂದು ಚಿತ್ರ ಬಂತು. ಅದರ ಕೆಳಗೆ ಕನ್ನಡದಲ್ಲಿ ಬರೆದಿತ್ತು: 'ಅರವತ್ತು ಕೆ.ಜಿ. ಮೀರಿದ ಹಿರಿಯರನ್ನು ಎತ್ತಲು ಕಡ್ಡಾಯವಾಗಿ ಇಬ್ಬರು ಬೇಕು.' ನಾನು ಎರಡು ಸಲ ಓದಿದೆ. ಆಮೇಲೆ ಕೈ ಎತ್ತಿದೆ.

"ಸಾರ್, ಅಲ್ಲಿ ಇಬ್ರು ಅಂತ ಬರ್ದಿದೆ," ಎಂದೆ ಮನೋಹರ್ ಸಾರ್ ಕಡೆ ನೋಡಿ. "ನಮ್ಮಲ್ಲಿ ಯಾಕೆ ಒಬ್ರು?"

ಅವರು ನಕ್ಕರು. ಅವರು ನಕ್ಕಿದ್ದು ನೋಡಿ ನೀಲಿಯವರೆಲ್ಲ ನಕ್ಕರು. "ಪಾಪಮ್ಮ, ಪ್ರಶ್ನೆ ಕೇಳೋದು ಡೆಲಿಗೇಟ್ಸ್. ನೀನು ಅವಾರ್ಡ್ ತಗೊಳೋಳು. ಕೂತ್ಕೊ."

ಕೂತೆ. ಕೂರುವಾಗ ಸೊಂಟ ಕಟ್ ಎಂದಿತು.

ಟೀ ವೇಳೆಗೆ ಜಾಲಬಂಧನ ಶುರುವಾಯಿತು. ನೀಲಿಯವರು ಜೇಬಿನಿಂದ ಕಾರ್ಡ್ ತೆಗೆದು ಒಬ್ಬರಿಗೊಬ್ಬರು ಕೊಟ್ಟುಕೊಂಡರು. ಇಸ್ಪೀಟು ಹಂಚುವವರೂ ಅಷ್ಟು ಜೋರಾಗಿ ಹಂಚುವುದಿಲ್ಲ. ನಾವು ಹಿತ್ತಲಲ್ಲಿ ಕೈ ತೊಳೆಯುವ ನಲ್ಲಿ ಹತ್ತಿರ ನಿಂತಿದ್ದೆವು. ನಮ್ಮ ಹತ್ತಿರ ಕಾರ್ಡ್ ಇಲ್ಲ. ತೂಬಗೆರೆ ಕಡೆಯ ಆಶ್ರಮದಿಂದ ಬಂದ ಸಂಘಮಿತ್ರ ಎಂಬ ಹೆಂಗಸು ತನ್ನ ಚೀಲದಿಂದ ಒಂದು ಹೊಸ ಗ್ಲೌಸ್ ತೆಗೆದು, ಬೆರಳಿನ ಮೇಲೆ ಬಾಲ್‌ಪೆನ್ನಿನಲ್ಲಿ ತನ್ನ ಫೋನ್ ನಂಬರ್ ಬರೆದು ನನಗೆ ಕೊಟ್ಟಳು.

"ಇನ್ನೂ ನಾಲ್ಕು ಬೆಳ್ಳು ಖಾಲಿ ಅದೆ," ಎಂದಳು. "ಮುಂದಿನೋರು ಬರೀರಿ."

ಐದು ನಿಮಿಷದಲ್ಲಿ ಹಿತ್ತಲ ತುಂಬ ಗ್ಲೌಸ್ ಓಡಾಡಿದವು. ಒಂದು ಕೈಗೆ ಐದು ಜನ. ನಂಬರ್ ಜೊತೆ ಮಾತುಗಳೂ ಓಡಾಡಿದವು. ಪ್ರತಿಯೊಬ್ಬ ಮುದುಕರಿಗೂ ಒಂದೊಂದು ಮಾತಿದೆ ಎಂದು ನನಗೆ ಅವತ್ತೇ ಗೊತ್ತಾಗಿದ್ದು. ಸಂಘಮಿತ್ರಳ ಆಶ್ರಮದ ಅಮ್ಮಯಮ್ಮ ಊಟ ಮುಟ್ಟುವುದಿಲ್ಲ. "ಇದು ನಿಮ್ಮ ಸೊಸೆ ಪಾಲು, ತಿನ್ಬೇಡಿ" ಅಂದರೆ ತಟ್ಟೆ ನೆಕ್ಕುತ್ತಾರೆ. ದೇವನಹಳ್ಳಿ ಕಡೆ ಹನುಮಂತರಾಯಪ್ಪ ಅಂತ ನಿವೃತ್ತ ಹೆಡ್‌ಮಾಸ್ಟರು, ಮಾತ್ರೆ ಅಂದರೆ ಬಾಯಿ ಬಿಗಿಯುತ್ತಾರೆ. ಹಾಜರಿ ಕೂಗಿದರೆ "ಎಸ್ ಸಾರ್" ಎನ್ನುತ್ತಾರೆ, ಆ 'ಎಸ್'ಗೂ 'ಸಾರ್'ಗೂ ನಡುವೆ ಮಾತ್ರೆ ಹಾಕಬೇಕು. ನಾನು ನನ್ನ ಹಾಲಿನ ಮಾತು ಹೇಳಿದೆ. ಎಲ್ಲ ಬಿದ್ದು ಬಿದ್ದು ನಕ್ಕರು. ಹನ್ನೊಂದು ವರ್ಷದ ಕೆಲಸದಲ್ಲಿ ನನ್ನ ವಿದ್ಯೆಗೆ ಯಾರಾದರೂ ತಲೆದೂಗಿದ್ದು ಅದೇ ಮೊದಲು.

ಆಮೇಲೆ ಸಂಘಮಿತ್ರ ಕರಪತ್ರ ತೆಗೆದು ಫೋಟೋ ನೋಡಿದಳು, ನನ್ನ ಮುಖ ನೋಡಿದಳು. ಅವಳ ನಗು ನಿಂತಿತು.

"ಇದು ನೀನೇನಾ ಅಕ್ಕಾ?"

"ಹೂಂ ಕಣಮ್ಮ. ಇವತ್ತು ಅವಾರ್ಡು."

"ನಿನ್ನಿಂದ ನಮ್ಮ ನಡ ಮುರೀತಾ ಅದೆ ಕಣಕ್ಕ," ಎಂದಳು. "ಇನ್ನೊಂದು ಆಳು ಕೊಡಿ ಅಂತ ನಾವು ಕೇಳಿದಾಗೆಲ್ಲ ನಮ್ಮ ಓನರ್ ಫೋನಲ್ಲಿ ಇದೇ ಫೋಟೋ ತೋರಿಸ್ತಾನೆ. ಹೊಸಕೋಟೇಲಿ ಒಬ್ಳು ಒಂಟಿ ಕೈಲಿ ಎತ್ತಾಳೆ, ನಿಮ್ಗೇನ್ ರೋಗ ಅಂತಾನೆ."

"ನಮ್ಮಲ್ಲೂ ಅದೇ," ಎಂದಳು ಇನ್ನೊಬ್ಬಳು. ಮತ್ತೊಬ್ಬಳು ಸೆರಗು ಸರಿಸಿ ಸೊಂಟಕ್ಕೆ ಕಟ್ಟಿದ್ದ ಬೆಲ್ಟ್ ತೋರಿಸಿದಳು.

ನನಗೆ ನಾಚಿಕೆಯಾಯಿತು. ನೆಲ ಬಿರಿದು ಹೋಗಬಾರದೇ ಅನ್ನಿಸಿತು. ಹೊಗಳಿ ಅಟ್ಟಕ್ಕೇರಿಸಿದ್ದರು, ನಾನು ಏರಿದ್ದೆ. ಏಣಿ ಮಾಡಿದ್ದು ಇವರ ಬೆನ್ನಿನಿಂದ ಎಂದು ಗೊತ್ತಿರಲಿಲ್ಲ. ಅವತ್ತು ಅಲ್ಲೇ, ಆ ನಲ್ಲಿಯ ಹತ್ತಿರವೇ ನಿಶ್ಚಯ ಮಾಡಿದೆ. ಇನ್ನು ಒಬ್ಬಳೇ ಎತ್ತುವುದಿಲ್ಲ.

ಒಳಗೆ ಡೆಮೊ ಶುರುವಾಗಿತ್ತು. ಪ್ಲಾಸ್ಟಿಕ್ ಕುರ್ಚಿ ಗೋಪಾಲಪ್ಪನವರ ತೂಕಕ್ಕೆ ಕಾಲು ಅಗಲಿಸಿದ್ದರಿಂದ ಅವರನ್ನು ಮುಖ್ಯ ಅತಿಥಿಗಳ ಕುರ್ಚಿಯಲ್ಲಿ ಕೂರಿಸಿದ್ದರು. ಕೆಂಪು ಮಖಮಲ್ಲು, ಸಿಂಹದ ಕೈ, ಮೇಲೆ ಬಿಳಿ ಟವೆಲ್. ಕೂರಿಸುವುದು ಸುಲಭ, ಬಿಟ್ಟರೆ ತಾವೇ ಕೂರುತ್ತಾರೆ. ಈಗ ಎಬ್ಬಿಸುವ ಪಾಠ. ಅರ್ಪಿತ ಮೇಡಂ ಅವರ ಮುಂದೆ ಬಗ್ಗಿ ನಿಂತರು.

"ನಮಸ್ತೆ ಸರ್. ನನ್ನ ಹೆಸರು ಅರ್ಪಿತ. ನಾನು ನಿಮ್ಮನ್ನು ಎದ್ದು ನಿಲ್ಲಿಸಲು ಸಹಾಯ ಮಾಡಬಹುದಾ?"

"ಬ್ಯಾಡ," ಎಂದರು ಗೋಪಾಲಪ್ಪ.

ಪಾಠ ಅಲ್ಲಿಗೆ ಮುಗಿಯಿತು. ಒಪ್ಪಿಗೆ ಕೇಳಬೇಕು ಎಂದು ಅವರ ಪುಸ್ತಕದಲ್ಲಿತ್ತು, ಬೇಡ ಅಂದರೆ ಏನು ಮಾಡಬೇಕು ಎಂದು ಇರಲಿಲ್ಲ.

ಅನಿಲ್‌ಕುಮಾರ್ ಓಡಿ ಬಂದು, ಆಫೀಸರ ಕಾರು ಟೋಲ್ ದಾಟಿತು ಎಂದು ಮನೋಹರ್ ಸಾರ್ ಕಿವಿಯಲ್ಲಿ ಹೇಳಿದರು. ಕುರ್ಚಿ ಖಾಲಿಯಾಗಬೇಕಿತ್ತು. ಮನೋಹರ್ ಸಾರ್ ಬಗ್ಗಿದರು. "ಗೋಪಾಲಪ್ನೋರೆ, ಕಾಫಿ ರೆಡಿ ಇದೆ."

"ಇಲ್ಲಿಗೇ ತರ್ಸಿ."

"ನಿಮ್ಮ ಮಗ ಬಂದವ್ರೆ, ಆಚೆ ಕಾಯ್ತವ್ರೆ."

"ಬಂದು ಸದಸ್ಯರ ಜತೆ ಕೂತ್ಕೊಳ್ಲಿ."

ಅಷ್ಟು ಹೊತ್ತಿಗೆ ಗೋಪಾಲಪ್ಪನವರಿಗೆ ಎಲ್ಲ ಅರ್ಥವಾಗಿತ್ತು. ವೇದಿಕೆ, ದೊಡ್ಡ ಕುರ್ಚಿ, ಎದುರಿಗೆ ಜನ, ಕೈಗೆಟಕುವ ಮೈಕು. ಅವರು ಮೈಕು ಎಳೆದುಕೊಂಡು ಎರಡು ಸಲ ಊದಿದರು.

"ಸದಸ್ಯರೇ," ಎಂದರು. "ವಾರ್ಷಿಕ ಮಹಾಸಭೆಗೆ ಸ್ವಾಗತ. ಹಾಲಿಗೆ ನೀರು ಬೆರೆಸ್ತಾ ಇರೋರು ಯಾರು ಅಂತ ನಂಗೆ ಗೊತ್ತು. ಹೆಸ್ರು ಹೇಳಲ್ಲ. ಅವರೇ ಎದ್ದು ನಿಂತ್ಕೊಳ್ಲಿ."

ಹಿಂದಿನ ಸಾಲಿನ ಆಯಾಗಳು ಚಪ್ಪಾಳೆ ಹೊಡೆದರು. ನೀಲಿಯವರಲ್ಲಿ ಯಾರೋ ಒಬ್ಬರು ನಿಜವಾಗಿ ಎದ್ದು ನಿಂತು, ನಾಚಿ ಕೂತರು. ನಾಲ್ಕು ಜನ ಮ್ಯಾನೇಜರುಗಳು ಕೋಟು ಬಿಚ್ಚಿ ವೇದಿಕೆ ಹತ್ತಿ ಗೋಪಾಲಪ್ಪನವರ ಒಂದೊಂದು ಕೈ, ಒಂದೊಂದು ಕಾಲು ಹಿಡಿದರು. ನಾಲ್ವರೂ ನಾಲ್ಕು ದಿಕ್ಕಿಗೆ ಎಳೆದರು. ಗೋಪಾಲಪ್ಪನವರು ಇದು ಮೆರವಣಿಗೆ ಎಂದು ತಿಳಿದು ಹಾರ ಎಲ್ಲಿ ಎಂದು ಕೇಳಿದರು. ಅವರು ಅಲುಗಲಿಲ್ಲ. ಅನಿಲ್‌ಕುಮಾರ್ ಮಾತ್ರ ಅಯ್ಯಪ್ಪಾ ಎಂದು ಸೊಂಟ ಹಿಡಿದು ಅಲ್ಲೇ ಕೂತರು. ಕಟ್ ಅಂದ ಸದ್ದು ನನಗೆ ಕೇಳಿಸಿತು. ಪರಿಚಯದ ಸದ್ದು.

ಮನೋಹರ್ ಸಾರ್ ನನ್ನ ಕಡೆ ತಿರುಗಿದರು. "ಪಾಪಮ್ಮ, ಬಾ ಇಲ್ಲಿ. ಅದೇನೋ ಒಂದು ಮಾತು ಹೇಳಿ ಎಬ್ಬಿಸ್ತೀಯಲ್ಲ, ಹೇಳು."

"ಹೇಳಲ್ಲ ಸಾರ್."

ಹನ್ನೊಂದು ವರ್ಷದಲ್ಲಿ ಅವರಿಗೆ ನಾನು ಹಾಗೆ ಹೇಳಿರಲಿಲ್ಲ. ಹೇಳಿ ವೇದಿಕೆ ಹತ್ತಿದೆ.

"ಏನ್ ಹೇಳಲ್ಲ?"

"ನಾನು ಒಬ್ಳೇ ಎತ್ತಲ್ಲ. ಪರದೆ ಮೇಲೆ ಇಬ್ರು ಅಂತ ಬರ್ದಿದೆ. ಅರವತ್ತು ಮೀರಿದ್ರೆ ಇಬ್ರು. ಇವ್ರು ಎಂಬತ್ನಾಲ್ಕು."

ಮನೋಹರ್ ಸಾರ್ ಅರ್ಪಿತ ಮೇಡಂ ಮುಖ ನೋಡಿದರು. ಆಕೆ ಒಳ್ಳೆಯ ಹುಡುಗಿ. "ಅವರು ಹೇಳ್ತಿರೋದು ಸರಿ ಸರ್, ಕಡ್ಡಾಯ," ಎಂದಳು.

"ಇನ್ಯಾರಿಗಾದ್ರೂ ಆ ಮಾತು ಗೊತ್ತಾ?" ಎಂದು ಮನೋಹರ್ ಸಾರ್ ಹಾಲ್‌ನಲ್ಲಿದ್ದವರನ್ನೆಲ್ಲ ಕೇಳಿದರು. ಇಪ್ಪತ್ತೇಳು ಹಸಿರು ಟೇಪಿನವರಿಗೆ ಅದು ಗೊತ್ತಿತ್ತು. ಸಂಘಮಿತ್ರ ಸೂರು ನೋಡಿದಳು. ಉಳಿದವರು ತಮ್ಮ ತಮ್ಮ ಉಗುರು ನೋಡಿಕೊಂಡರು.

ಹೊರಗೆ ಕಾರಿನ ಹಾರನ್ ಕೇಳಿಸಿತು.

"ಆಯ್ತಮ್ಮ. ನಾಳೆಯಿಂದ ಇಬ್ರು. ಈಗ ಎತ್ತು."

"ಮೈಕಲ್ಲಿ ಹೇಳಿ ಸಾರ್. ಎಲ್ರಿಗೂ ಕೇಳ್ಸಲಿ."

ಗೋಪಾಲಪ್ಪನವರು ಮೈಕು ಬಿಡಲಿಲ್ಲ. ಮನೋಹರ್ ಸಾರ್ ಅವರ ಗಡ್ಡದ ಹತ್ತಿರ ಬಾಯಿಟ್ಟು, "ಸಂಧ್ಯಾಸೌರಭದಲ್ಲಿ ನಾಳೆಯಿಂದ ಎತ್ತೋಕೆ ಇಬ್ಬರು," ಎಂದರು. "ಅನುಮೋದಿಸಲಾಗಿದೆ," ಎಂದರು ಅಧ್ಯಕ್ಷರು.

"ಇವತ್ತಿನ ಎರಡನೇ ಕೈ ಎಲ್ಲಿ?" ಎಂದು ಕೇಳಿದೆ. ಮನೋಹರ್ ಸಾರ್ ಸುತ್ತ ನೋಡಿದರು. ಮ್ಯಾನೇಜರುಗಳು ಹಿಂದೆ ಸರಿದರು. "ನೀವೇ ಬನ್ನಿ ಸಾರ್. ಆ ಕಡೆ ಕಂಕುಳಿಗೆ ಕೈ ಕೊಡಿ. ಇನ್ನೊಂದು ಕೈ ಅಡಿಗೆ ಹಾಕಿ. ಇನ್ನೂ ಅಡಿಗೆ."

"ಏನಿದು, ಬಿಸಿಯಾಗಿದೆ?"

"ಡೈಪರ್ ಸಾರ್. ದಿನಾ ಹಿಂಗೇ ಇರುತ್ತೆ. ನಾನು ಕಟ್ಟಿದ್ದು, ಸೋರಲ್ಲ."

ನಾನು ಗೋಪಾಲಪ್ಪನವರ ಕಿವಿಗೆ ಬಾಯಿಟ್ಟೆ. ಅವರ ಕೈಯಲ್ಲಿದ್ದ ಮೈಕಿಗೂ ನನ್ನ ಮಾತು ಕೇಳಿಸಿತು. ಅವರ ಹಾಲಲ್ಲಿ ಫ್ಯಾಟ್ ಇಲ್ಲ ಎಂಬ ಸುದ್ದಿ ಹಾಲ್‌ನ ನಾಲ್ಕೂ ಗೋಡೆಗೆ ಹೊಡೆಯಿತು. ಅವರು ಎದ್ದರು. ಎಡಗಡೆ ತಿರುಗಿ, "ನೀನೇನ್ಲಾ ಅಂದೋನು?" ಎಂದು ಮೈಕಿನಿಂದ ಮನೋಹರ್ ಸಾರ್ ನೆತ್ತಿಗೆ ಒಂದು ಬಿಟ್ಟರು. ಆ ಸದ್ದು ಮೈಕಿನಲ್ಲಿ ತುಂಬ ಚೆನ್ನಾಗಿ ಬಂತು. ಮುಖ್ಯ ಅತಿಥಿಗಳು ಅದೇ ಹೊತ್ತಿಗೆ ಬಾಗಿಲಲ್ಲಿ ಕಾಣಿಸಿಕೊಂಡರು, ಒಂದು ಹೆಜ್ಜೆ ಹಿಂದೆ ಹೋದರು.

ಪ್ರಶಸ್ತಿ ನನಗೆ ಕೊಡಲಿಲ್ಲ. ಹನುಮಪ್ಪನನ್ನು ಅದೇ ಡಬ್ಬಿಯಲ್ಲಿ ವಾಪಸ್ ಒಯ್ದರು. ನಾನು ಕೇಳಲೂ ಇಲ್ಲ.

ಮಾರನೆಯ ದಿನ ಎರಡನೆಯ ಕೈ ಬರಲಿಲ್ಲ. ಮೈಕಲ್ಲಿ ಹೇಳಿದ್ದು ಮೈಕಿಗೇ ಇರಲಿ ಎಂದುಕೊಂಡಿರಬೇಕು. ನಾನು ಗೋಪಾಲಪ್ಪನವರನ್ನು ಮಂಚದ ಮೇಲೇ ಒರೆಸಿ, ಬಟ್ಟೆ ಬದಲಿಸಿ, ಕಾಫಿ ಕುಡಿಸಿ, ಪಕ್ಕದಲ್ಲಿ ಕೂತೆ. ಎತ್ತಲಿಲ್ಲ. ಎಂಟು ಗಂಟೆಗೆ ಅನಿಲ್‌ಕುಮಾರ್ ಬಂದು ಬಯ್ದರು. "ಸರಿ ಸಾರ್, ಆ ಕಡೆ ಹಿಡ್ಕೊಳಿ," ಎಂದೆ. ಕೆಲಸ ಬಿಡಿಸುತ್ತೇನೆ ಎಂದರು. ಬಿಡಿಸಿ, ಆಮೇಲೆ ಆರು ಸಲವೂ ನೀವೊಬ್ರೇ ಎತ್ತಿ ಎಂದೆ. ಹಿಡಿದರು. ಆರು ಸಲ ಹಿಡಿದರು. ಸಂಜೆ ಗ್ಲೌಸ್ ತೆಗೆದು ಎಲ್ಲ ಬೆರಳಿಗೂ ಫೋನ್ ಮಾಡಿದೆ. ತೂಬಗೆರೆಯಲ್ಲೂ ದೇವನಹಳ್ಳಿಯಲ್ಲೂ ಅವತ್ತು ಯಾರೂ ಒಬ್ಬರೇ ಎತ್ತಿರಲಿಲ್ಲ. ಮೂರನೆಯ ದಿನ ಅನಿಲ್‌ಕುಮಾರ್ ಸೊಂಟಕ್ಕೆ ಬೆಲ್ಟ್ ಕಟ್ಟಿಕೊಂಡು ಮನೋಹರ್ ಸಾರ್ ರೂಮಿಗೆ ಹೋಗಿ, ಇದು ಮನುಷ್ಯರು ಮಾಡುವ ಕೆಲಸವಲ್ಲ ಸಾರ್ ಎಂದರಂತೆ.

ನಾಲ್ಕನೆಯ ದಿನ ಮಾನಸ ಬಂದಳು. ಸಂಘಮಿತ್ರ ಹೇಳಿ ಕಳಿಸಿದವಳು, ನನ್ನ ತಂಗಿ ವಯಸ್ಸಿನವಳು, ಗಟ್ಟಿ ಕೈ. ಅವಳು ಆ ಕಡೆ ನಿಂತಳು, ನಾನು ಈ ಕಡೆ. ಮಾತು ಹೇಳಿದೆ. ಗೋಪಾಲಪ್ಪನವರು ಬಯ್ಯುತ್ತಾ ಎದ್ದರು.

ನನ್ನ ಕೈಗೆ ಏನೋ ಕಮ್ಮಿ ಬಂದಂತಾಯಿತು. ಅವಳೇ ಪೂರ್ತಿ ಹೊತ್ತಳೇನೋ ಎಂದು ಗಾಬರಿಯಾಯಿತು.

"ಮಾನಸ, ನೀನೇ ಎತ್ತಿಬಿಟ್ಯಾ?"

"ಇಲ್ಲಕ್ಕ. ನಾನು ಅರ್ಧ, ನೀವು ಅರ್ಧ."

ಅರ್ಧ ಅಂದರೆ ಇಷ್ಟೇನಾ. ಇಷ್ಟು ಹಗುರವಾ. ಸೊಂಟ ಕಟ್ ಎನ್ನಲಿಲ್ಲ, ಕಾಲು ಉರಿಯಲಿಲ್ಲ. ಖುಷಿಯಾಗಬೇಕಿತ್ತು. ನನಗೆ ಬಂದದ್ದು ಸಿಟ್ಟು. ಇಷ್ಟು ಸುಲಭದ್ದನ್ನು ನಾಲ್ಕು ವರ್ಷ ನನಗೆ ಕೊಡದೆ ಇಟ್ಟಿದ್ದರಲ್ಲ ಎಂಬ ಸಿಟ್ಟು. ಅಧ್ಯಕ್ಷರ ಭುಜದ ಮೇಲೆ ತಲೆಯಿಟ್ಟು ನಾನು ಗಟ್ಟಿಯಾಗಿ ಅತ್ತೆ.

"ಅಕ್ಕಾ, ಕೈ ಬಿಟ್ಬಿಟ್ಟೀರ, ಬಿದ್ದೋಗ್ತಾರೆ," ಎಂದಳು ಮಾನಸ.

ನಾನು ಬಿಡಲಿಲ್ಲ. ನಾನು ಯಾವತ್ತೂ ಬಿಟ್ಟವಳಲ್ಲ. ನಾಲ್ಕು ವರ್ಷ ಓನರು, ಮ್ಯಾನೇಜರು ಎಲ್ಲ ಅದನ್ನೇ ನಂಬಿಕೊಂಡು ಕೂತಿದ್ದರು.